ಯಮಹಾ ಆರ್1: ಎಕ್ಸಪ್ ವಾಲ್ವ್ (ಎಕ್ಸಾಸ್ಟ್ ಪೈಪಿನೊಳಗಿನ ಬಾಗಿಲು) ಕಚ್ಚಿಕೊಂಡಿದೆ, ಕೋಡ್ 18. ಬಿಡಿಸೋದಾ, ಕಿತ್ತೇ ಹಾಕೋದಾ?

ಪಡುಕೆರೆ_ರೈಡರ್:
ಗಾಡಿ 2008ರ ಆರ್1, 31,000 ಕಿ.ಮೀ. ಇರೋದು ಉಡುಪಿ ಕಡೆ, ಸಮುದ್ರದ ಗಾಳಿ ನೇರ ಬಡಿಯುವ ಜಾಗ. ಎರಡು ಮಳೆಗಾಲ ನಿಂತಲ್ಲೇ ನಿಂತಿತ್ತು. ಈಗ ಕೀ ಆನ್ ಮಾಡಿದರೆ ಮೊದಲಿನ ಹಾಗೆ ‘ಝೂಂ’ ಅಂತ ಸರ್ವೋ (ಕೇಬಲ್ ಎಳೆದು ವಾಲ್ವ್ ತಿರುಗಿಸುವ ಸಣ್ಣ ಮೋಟಾರ್) ತಿರುಗುವುದಿಲ್ಲ, ಎರಡು ಸಲ ‘ಕಟಕ್ ಕಟಕ್’ ಅಂತದೆ, ಇಂಜಿನ್ ಲೈಟ್ ಬರ್ತದೆ, ಮೀಟರಿನಲ್ಲಿ 18. ಸ್ಟಾರ್ಟ್ ಆಗ್ತದೆ, ಐಡಲ್ ಸರಿ ಉಂಟು, ಆದರೆ 4,000 ಆರ್‌ಪಿಎಂ ಆಸುಪಾಸಿನಲ್ಲಿ ಎಳೆತ ಇಲ್ಲ. ಅಡಿಗೆ ಬಗ್ಗಿ ನೋಡಿದರೆ ಇಂಜಿನಿನಿಂದ ಹೊಗೆ ತರುವ ಬೆಂಡ್ ಪೈಪುಗಳು ಕೂಡುವಲ್ಲಿ ಇರುವ ಪುಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗಿದೆ. ಕೈಯಲ್ಲಿ ಅಲ್ಲಾಡುವುದಿಲ್ಲ. ಸರ್ವೋ ಬದಲಾಯಿಸಿ ಅಂತ ಒಬ್ಬರು, ವಾಲ್ವೇ ತೆಗೆಸಿ ಅಂತ ಇನ್ನೊಬ್ಬರು. ಯಾವುದು ಸರಿ ಮಾರಾಯ್ರೆ?

ಪಾನಾ_ಪೆಟ್ಟಿಗೆ:
ಸರ್ವೋಗೆ ದುಡ್ಡು ಹಾಕಬೇಡಿ ಸಾರ್, ಇನ್ನೂ ಆ ಹಂತ ಬಂದಿಲ್ಲ. ಮೊದಲನೆಯದಾಗಿ, ಕೀಯನ್ನು ಪದೇ ಪದೇ ಆನ್ ಮಾಡಿ ನೋಡೋದು ನಿಲ್ಲಿಸಿ. ವಾಲ್ವ್ ಕದಲದೇ ಇರುವಾಗ ಪ್ರತಿ ಸಲ ಕೀ ತಿರುಗಿಸಿದಾಗಲೂ ಮೋಟಾರ್ ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ ಎಳೆಯುತ್ತೆ. ಕೇಬಲ್ ಹಿಗ್ಗುತ್ತೆ, ಇಲ್ಲವೇ ಮೋಟಾರ್ ಸುಡುತ್ತೆ. ಆಗ ಒಂದಿದ್ದ ರಿಪೇರಿ ಎರಡಾಗುತ್ತೆ.

ಯಮಹಾದಲ್ಲಿ 17 ಮತ್ತು 18 ಬೇರೆ ಬೇರೆ. 17 ಬಂದರೆ ಸರ್ವೋ ಒಳಗಿನ ಪೊಸಿಷನ್ ಸೆನ್ಸರ್‌ನ ವೈರಿಂಗ್ ಕಡೆ ನೋಡಬೇಕು: ಕಪ್ಲರ್ ಸಡಿಲ, ಪಿನ್ ಹಸಿರುಗಟ್ಟಿರೋದು, ವೈರ್ ತುಂಡಾಗಿರೋದು. 18 ಅಂದರೆ ‘ತಿರುಗು ಅಂದೆ, ತಿರುಗಲಿಲ್ಲ’ ಅಂತ ಇಸಿಯು (ಗಾಡಿಯ ಕಂಪ್ಯೂಟರ್) ದೂರು ಹೇಳ್ತಿದೆ. ನಿಮ್ಮದು ಮೆಕ್ಯಾನಿಕಲ್ ಸಮಸ್ಯೆ. ಈಗ ಕಚ್ಚಿಕೊಂಡಿರೋದು ಮೂರರಲ್ಲಿ ಯಾವುದು ಅಂತ ಬೇರ್ಪಡಿಸಬೇಕು: ವಾಲ್ವ್, ಕೇಬಲ್, ಸರ್ವೋ.

ಇಂಜಿನ್ ಪೂರ್ತಿ ತಣ್ಣಗಿರಲಿ, ಕೀ ಆಫ್. ಪುಲ್ಲಿ ಮೇಲಿನ ಕವರ್ ತೆಗೆಯಿರಿ. ಎರಡು ಕೇಬಲ್ ಇವೆ, ಒಂದು ತೆರೆಯಲು, ಒಂದು ಮುಚ್ಚಲು. ಯಾವುದು ಯಾವ ಕಡೆ ಅಂತ ಒಂದಕ್ಕೆ ಬಿಳಿ ಪೇಂಟ್ ಚುಕ್ಕೆ ಇಟ್ಟು ಫೋಟೋ ತೆಗೆದುಕೊಳ್ಳಿ. ಅಡ್ಜಸ್ಟರಿನಲ್ಲಿ ಎಷ್ಟು ಥ್ರೆಡ್ ಹೊರಗೆ ಕಾಣ್ತಿದೆ ಅಂತ ಎಣಿಸಿ ಬರೆದಿಡಿ. ಆಮೇಲೆ ಲಾಕ್‌ನಟ್ ಸಡಿಲಿಸಿ, ಅಡ್ಜಸ್ಟರ್ ಒಳಕ್ಕೆ ತಿರುಗಿಸಿ, ಎರಡೂ ಕೇಬಲ್ ತುದಿಗಳನ್ನು ಪುಲ್ಲಿಯಿಂದ ಬಿಡಿಸಿ.

ಈಗ ಕೀ ಆನ್. ಸರ್ವೋ ಸಲೀಸಾಗಿ ಹೋಗಿ ಬಂದರೆ ಅದು ಚೆನ್ನಾಗಿದೆ. ಖಚಿತ ಬೇಕಿದ್ದರೆ ಡಯಾಗ್ನೊಸ್ಟಿಕ್ ಮೋಡ್: ಫ್ಯೂಯಲ್ ಪಂಪಿನ ಕಪ್ಲರ್ ಬಿಡಿಸಿ, ಸೆಲೆಕ್ಟ್ ಮತ್ತು ರೀಸೆಟ್ ಎರಡನ್ನೂ ಒತ್ತಿ ಹಿಡಿದು ಕೀ ಆನ್ ಮಾಡಿ, ಎಂಟು ಸೆಕೆಂಡಿಗಿಂತ ಹೆಚ್ಚು ಹಿಡಿದಿರಿ. ‘ಡಯಾಗ್’ ಬಂದಮೇಲೆ ಸರ್ವೋ ಪರೀಕ್ಷೆಯ ನಂಬರ್ ಡಿ-53ಕ್ಕೆ ಹೋಗಿ ಕಿಲ್ ಸ್ವಿಚ್ಚನ್ನು ಆಫ್‌ನಿಂದ ಆನ್‌ಗೆ ತಂದರೆ ಸರ್ವೋ ಒಂದು ಸುತ್ತು ಕೆಲಸ ಮಾಡಿ ತೋರಿಸುತ್ತೆ. ಅಲ್ಲಿ ಸರಿ ಇದ್ದರೆ ಕೇಬಲ್‌ನ ಒಳತಂತಿಯನ್ನು ಕೈಯಿಂದ ಎಳೆದು ನೋಡಿ. ಅದೂ ಜಾರುತ್ತಿದ್ದರೆ ಉಳಿದದ್ದು ವಾಲ್ವ್. ಒಳ್ಳೆ ಸ್ಥಿತಿಯ ವಾಲ್ವ್‌ನ ಪುಲ್ಲಿ ಎರಡು ಬೆರಳಲ್ಲಿ ತಿರುಗುತ್ತೆ. ಅದಕ್ಕೆ ಪ್ಲೈಯರ್ ಬೇಕಾಯಿತು ಅಂದರೆ ಅಲ್ಲೇ ನಿಮ್ಮ ರೋಗ ಇದೆ.

ಬುಲೆಟ್_ಹಾಸನ:
ನಿಂತ ಗಾಡಿಯಲ್ಲಿ ಎಕ್ಸಾಸ್ಟ್ ವಾಲ್ವ್ ಹಿಡ್ಕೊಳ್ಳೋದು ಮಾಮೂಲಿ. ಹೆಡ್ ಇಳಿಸಿ, ಗೈಡ್‌ಗೆ ಡೀಸೆಲ್ ಬಿಟ್ಟು, ವಾಲ್ವ್ ತುದಿಗೆ ಮರದ ಸುತ್ತಿಗೆಯಿಂದ ತಟ್ಟಿದ್ರೆ ಬರುತ್ತೆ. ಇದಕ್ಕೆ ಸರ್ವೋ ಯಾಕೆ ಬಂತು?

ಪಾನಾ_ಪೆಟ್ಟಿಗೆ:
ಅಣ್ಣ, ಇದು ಆ ವಾಲ್ವ್ ಅಲ್ಲ. ನೀವು ಹೇಳ್ತಿರೋದು ಹೆಡ್ ಒಳಗೆ ಕ್ಯಾಮ್ ಒತ್ತುವ ವಾಲ್ವ್. ಇವರದು ಬೆಂಡ್ ಪೈಪುಗಳು ಒಂದಾಗುವ ಜಾಗದಲ್ಲಿ ಹೊಗೆ ದಾರಿಯನ್ನು ಅರ್ಧ ಮುಚ್ಚಿ ತೆರೆಯುವ ಬಾಗಿಲು. 1987ರಲ್ಲಿ ಜಪಾನಿನ ಎಫ್‌ಜೆಡ್‌ಆರ್400ಆರ್‌ಗೆ ಮೊದಲು ಬಂತು, 1989ರ ಎಫ್‌ಜೆಡ್‌ಆರ್1000ದಿಂದ ಪ್ರಸಿದ್ಧಿ ಆಯಿತು. ಆಮೇಲೆ ಬೇರೆ ಕಂಪನಿಗಳೂ ತಮ್ಮ ತಮ್ಮ ಹೆಸರಲ್ಲಿ ಹಾಕಿದವು. ಹೆಸರು ಒಂದೇ ಥರ ಕೇಳಿಸೋದರಿಂದ ಗೊಂದಲ ಸಹಜ.

ಆದರೂ ಹುಡುಕಿಕೊಂಡು ಬಂದವರಿಗೆ ಉಪಯೋಗ ಆಗಲಿ, ನಿಮ್ಮ ಬುಲೆಟ್ ವಿಷಯವನ್ನೂ ಇಲ್ಲೇ ಬರೆದುಬಿಡಿ.

ಬುಲೆಟ್_ಹಾಸನ:
ಓ, ಹಂಗಾ. ಸರಿ, ಹಳೇ ಕಾಸ್ಟ್ ಐರನ್ 350ಗೆ ಚುಟುಕಾಗಿ.

ಗುರುತು: ಕಿಕ್ ಹೊಡೆದರೆ ಕಾಲಿಗೆ ಕಂಪ್ರೆಷನ್ನೇ ಸಿಗಲ್ಲ, ಸೈಲೆನ್ಸರ್ ಬಾಯಲ್ಲಿ ಬುಸ್ ಅಂತ ಗಾಳಿ ಬರುತ್ತೆ. ಆಗ ಒದೀತಾ ಕೂರಬಾರದು. ವಾಲ್ವ್ ತೆರೆದ ಜಾಗದಲ್ಲೇ ನಿಂತಿದ್ದರೆ ಪುಶ್‌ರಾಡ್ ಜಾಗ ಬಿಟ್ಟು ಬೀಳುತ್ತೆ, ಮುಚ್ಚಿದ ಜಾಗದಲ್ಲಿ ಕಚ್ಚಿದ್ದರೆ ಪುಶ್‌ರಾಡ್ ಬಾಗುತ್ತೆ. ಸಿಲಿಂಡರ್ ಪಕ್ಕದ ಟ್ಯಾಪೆಟ್ ಕವರ್ ತೆಗೆದು, ಪುಶ್‌ರಾಡ್ ಬೆರಳಲ್ಲಿ ತಿರುಗುತ್ತಾ, ಮೇಲೆ ಕೆಳಗೆ ಎಷ್ಟು ಆಡುತ್ತೆ ನೋಡಿ. ಒಂದು ರಾಡ್ ಅರ್ಧ ಇಂಚು ಆಡಿದರೆ ಆ ಕಡೆಯ ವಾಲ್ವೇ ಸಿಕ್ಕಿಕೊಂಡಿರೋದು.

ಹೆಡ್ ಇಳಿಸಿ, ಸ್ಪ್ರಿಂಗ್ ತೆಗೆದು, ಗೈಡಿಗೆ ಮೇಲಿಂದ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಹೊಡೆಯೋ ಮುಂಚೆ ಇದನ್ನು ಮರೀಬೇಡಿ: ಸ್ಪ್ರಿಂಗ್ ಹಿಡಿದಿಡುವ ಕಾಟರ್ ಕೂರುವ ತೋಡಿನ ಅಂಚಲ್ಲಿ ಬರ್ (ಚೂಪು ಉಬ್ಬು) ಎದ್ದಿದ್ದರೆ ಸಣ್ಣ ಆಯಿಲ್‌ಸ್ಟೋನ್ ಹಿಡಿದು ಸಮ ಮಾಡಿ. ಇಲ್ಲದಿದ್ದರೆ ಆ ಬರ್ ಗೈಡನ್ನು ಉದ್ದಕ್ಕೂ ಗೀಚಿಕೊಂಡು ಹೋಗುತ್ತೆ, ವಾಲ್ವ್ ಉಳಿಸೋಕೆ ಹೋಗಿ ಗೈಡ್ ಕಳಕೊಳ್ತೀರಿ. ವಾಲ್ವ್ ಬಂದ ಮೇಲೆ ಗೈಡಿನ ಕಾರ್ಬನ್ನನ್ನು ರೀಮರ್ ಹಾಕಿ ತೆಗೆಸಿ, ಸ್ಟೆಮ್ ನೇರ ಇದೆಯಾ ಅಂತ ಲೇತ್ ಶಾಪಲ್ಲಿ ತಿರುಗಿಸಿ ನೋಡಿ, ಲ್ಯಾಪಿಂಗ್ ಮಾಡಿ. ಟ್ಯಾಪೆಟ್ ಇಂಜಿನ್ ತಣ್ಣಗಿದ್ದಾಗ: ಪುಶ್‌ರಾಡ್ ಬೆರಳಲ್ಲಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಅಷ್ಟೇ.

ಪಡುಕೆರೆ_ರೈಡರ್:
ಪಾನಾ ಸಾರ್ ಹೇಳಿದ ಹಾಗೆ ನೋಡಿದೆ. ಕೇಬಲ್ ಬಿಡಿಸಿದ ಮೇಲೆ ಸರ್ವೋ ಫಸ್ಟ್ ಕ್ಲಾಸ್ ತಿರುಗ್ತದೆ, 18 ಕೂಡ ಹೋಯಿತು. ಕೇಬಲ್ ಸ್ವಲ್ಪ ಬಿಗಿ, ಆದರೆ ಜಾರ್ತದೆ. ಪುಲ್ಲಿ ಕಲ್ಲು.

ಲೇತ್_ಅಣ್ಣ:
ಹಂಗಾದ್ರೆ ವಾಲ್ವೇ. ಕಚ್ಚಿಕೊಳ್ಳೋದು ಹೊಗೆ ದಾರಿ ಒಳಗಲ್ಲ, ವಾಲ್ವಿನ ಶಾಫ್ಟ್ ಬುಷ್‌ನಲ್ಲಿ (ಶಾಫ್ಟ್ ತಿರುಗುವ ಲೋಹದ ಬಳೆ) ಕೂರುವ ಎರಡು ತುದಿಗಳಲ್ಲಿ. ಒಳಗಿಂದ ಮಸಿ, ಹೊರಗಿಂದ ನೀರು, ಉಪ್ಪು. ಎರಡೂ ಸೇರಿ ಶಾಖದಲ್ಲಿ ಬೆಂದು ಸಿಮೆಂಟ್ ಥರ ಗಟ್ಟಿ. ಜೊತೆಗೆ ಇದು ಇರೋ ಜಾಗ ನೋಡಿ, ಮುಂದಿನ ಚಕ್ರ ಎರಚಿದ ನೀರೆಲ್ಲ ಅಲ್ಲಿಗೇ. ದಿನಾ ಓಡುವ ಗಾಡಿಯಲ್ಲಿ ಸರ್ವೋನೇ ಇದನ್ನು ಆಡಿಸ್ತಾ ಇರುತ್ತೆ, ಹಾಗಾಗಿ ಬೇಗ ಹಿಡಿಯಲ್ಲ. ನಿಂತ ಗಾಡಿಗೇ ಈ ಶಾಪ.

ಜನ ಮಾಡುವ ತಪ್ಪು ಅಂದ್ರೆ ಪುಲ್ಲಿಗೇ ವೈಸ್‌ಗ್ರಿಪ್ ಹಾಕಿ ತಿರುಗಿಸೋದು. ಪುಲ್ಲಿ ತೆಳು ತಗಡು, ಶಾಫ್ಟಿನ ಚಪ್ಪಟೆ ಮುಖದ ಮೇಲೆ ಕೂತಿರುತ್ತೆ. ಜೋರು ಮಾಡಿದ್ರೆ ಪುಲ್ಲಿಯ ತೂತು ಗುಂಡಗಾಗುತ್ತೆ, ಶಾಫ್ಟ್ ಇದ್ದಲ್ಲೇ ಇರುತ್ತೆ. ಆಮೇಲೆ ವಾಲ್ವ್ ಬಿಟ್ಟರೂ ಪುಲ್ಲಿ ಸ್ಲಿಪ್, ಮತ್ತೆ 18. ಅದಕ್ಕೇ ಪುಲ್ಲಿ ಮೊದಲು ಬಿಚ್ಚಿ ಪಕ್ಕಕ್ಕಿಡಿ. ಬಲ ಶಾಫ್ಟ್‌ಗೇ ಬೀಳಲಿ.

ಪುಲ್ಲಿ ಹಿಡಿದಿರೋ ಬೋಲ್ಟ್ ಸಡಿಲಿಸುವಾಗಲೂ ಇದೇ ಮಾತು. ಬೋಲ್ಟ್ ತಿರುಗಿಸುವ ಪೂರ್ತಿ ಬಲ ಶಾಫ್ಟಿನ ಮೇಲೆ ಹೋಗಿ ವಾಲ್ವನ್ನು ಸ್ಟಾಪರ್‌ಗೆ ಒತ್ತಬಾರದು. ಚಪ್ಪಟೆ ಮುಖಕ್ಕೆ ಇನ್ನೊಂದು ಸ್ಪ್ಯಾನರ್ ಹಾಕಿ ಎದುರು ಹಿಡಿಯಿರಿ.

ಆಮೇಲಿನ ಕೆಲಸ ಬಲದ್ದಲ್ಲ, ಸಹನೆದು.

ಮೊದಲ ಎರಡು ದಿನ ಬರೀ ಎಣ್ಣೆ. ತಂತಿ ಬ್ರಶ್ಶಿನಿಂದ ಶಾಫ್ಟ್ ಸುತ್ತಲಿನ ಕೆಸರು ತೆಗೆದು, ತುಕ್ಕು ಬಿಡಿಸುವ ಎಣ್ಣೆ ದಿನಕ್ಕೆ ಮೂರು ನಾಲ್ಕು ಸಲ, ಸಲಕ್ಕೆ ನಾಲ್ಕೈದು ಹನಿ. ಗಾಡಿಯನ್ನು ವಾಲಿಸಿ ನಿಲ್ಲಿಸಿ ಆ ತುದಿ ಮೇಲಿರುವಂತೆ ನೋಡಿಕೊಂಡ್ರೆ ಹನಿ ಒಳಗೆ ಇಳಿಯುತ್ತೆ, ಇಲ್ಲಾಂದ್ರೆ ನೆಲಕ್ಕೆ. ಮಾಮೂಲಿ ಡಬ್ಲ್ಯುಡಿ-40 ಮೂಲತಃ ತೇವ ಓಡಿಸುವ ದ್ರವ, ಇಂಥ ಹಠಮಾರಿಗೆ ಸಾಲದು. ಪೆನಿಟ್ರೇಟಿಂಗ್ ಆಯಿಲ್ ಅಂತ ಬೇರೇನೇ ಸಿಗುತ್ತೆ. ಅದಿಲ್ಲದಿದ್ರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್ ಎಣ್ಣೆ ಅರ್ಧ, ಅಸಿಟೋನ್ ಅರ್ಧ. ಎರಡೂ ಬೆರೆತು ನಿಲ್ಲಲ್ಲ, ಪ್ರತಿ ಸಲ ಕುಲುಕಿ ಹಾಕಬೇಕು. ಅಸಿಟೋನ್ ಪೆಟ್ರೋಲಿನಷ್ಟೇ ಬೇಗ ಬೆಂಕಿ ಹಿಡಿಯುತ್ತೆ, ಬೆಂಕಿಯ ಟಾರ್ಚ್ ಹಚ್ಚುವ ದಿನ ಆ ಬಾಟಲಿ ಶೆಡ್‌ನಲ್ಲೇ ಇರಬಾರದು.

ಮೂರನೇ ದಿನ ಶಾಫ್ಟಿನ ಚಪ್ಪಟೆ ಮುಖಕ್ಕೆ ಸರಿಯಾಗಿ ಕೂರುವ ಸ್ಪ್ಯಾನರ್ ಹಾಕಿ. ಆರು ಇಂಚಿಗಿಂತ ಉದ್ದದ ಹಿಡಿ ಬೇಡ, ಪೈಪ್ ಹಾಕಿ ಎಳೆಯೋದಂತೂ ಬೇಡವೇ ಬೇಡ. ಒಂದು ಕಡೆಗೆ ತಳ್ಳಬೇಡಿ. ಆ ಕಡೆ, ಈ ಕಡೆ, ಕೂದಲೆಳೆಯಷ್ಟು. ಮಧ್ಯೆ ಮಧ್ಯೆ ಶಾಫ್ಟಿನ ತುದಿಗೆ ಹಿತ್ತಾಳೆ ಪಂಚ್ ಇಟ್ಟು 200 ಗ್ರಾಂ ಸುತ್ತಿಗೆಯಿಂದ ತಟ್ಟಿ. ತುದಿಯಲ್ಲಿ ಥ್ರೆಡ್ ಇದ್ರೆ ನಟ್ಟನ್ನು ತುದಿಗೆ ಸಮ ಬರುವಂತೆ ಹಾಕಿಯೇ ತಟ್ಟಬೇಕು, ಬರೀ ಥ್ರೆಡ್ ಮೇಲೆ ಹೊಡೆದ್ರೆ ಅಣಬೆ ಆಗುತ್ತೆ. ಕಂದು ಬಣ್ಣದ ಎಣ್ಣೆ ಜಿನುಗಲು ಶುರುವಾದ್ರೆ ಗೆದ್ದಿರಿ ಅಂತ ಅರ್ಥ. ಒರೆಸಿ, ಹೊಸ ಎಣ್ಣೆ ಬಿಟ್ಟು, ಮತ್ತೆ ಅದೇ.

ಅದಕ್ಕೂ ಬಗ್ಗಲಿಲ್ಲ ಅಂದ್ರೆ ಶಾಖ. ಬೆಂಡ್ ಪೈಪ್ ಗಾಡಿಯಲ್ಲೇ ಇದ್ದರೆ ಹಾಟ್ ಏರ್ ಗನ್ ಮಾತ್ರ. ಆಯಿಲ್ ಫಿಲ್ಟರ್, ರೇಡಿಯೇಟರ್ ಹೋಸ್, ಸೆನ್ಸರ್ ವೈರ್ ಎಲ್ಲ ಕೈಯಳತೆಯಲ್ಲೇ ಇವೆ, ಮೇಲೆ ಟ್ಯಾಂಕು. ಬೆಂಕಿಯ ಟಾರ್ಚ್ ಬೇಕು ಅಂದ್ರೆ ಪೈಪ್ ಇಳಿಸಿ ಬಯಲಿಗೆ ತನ್ನಿ. ಕಾಯಿಸಬೇಕಾದ್ದು ಹೊರಗಿನ ಮನೆಯನ್ನು (ಶಾಫ್ಟ್ ಸುತ್ತಲಿನ ಕವಚ), ಶಾಫ್ಟನ್ನಲ್ಲ. ಮನೆ ಹಿಗ್ಗಿ ಶಾಫ್ಟಿಂದ ದೂರ ಸರಿಯಬೇಕು. ಶಾಫ್ಟ್ ಕಾಯ್ಸಿದ್ರೆ ಅದೇ ಹಿಗ್ಗಿ ಇನ್ನೂ ಬಿಗಿ. ಸುತ್ತಲೂ ಸಮನಾಗಿ ಒಂದು ನಿಮಿಷ ಕಾಯಿಸಿ, ಮೇಣದಬತ್ತಿಯ ತುದಿಯನ್ನು ಸಂದಿಗೆ ಮುಟ್ಟಿಸಿ. ಕರಗಿದ ಮೇಣವನ್ನು ಸಂದಿ ಹೀರಿಕೊಳ್ಳುತ್ತೆ. ತಾನಾಗಿ ಆರಲಿ, ನೀರು ಸುರೀಬೇಡಿ. ಈ ಕಾಯಿಸೋದು ಆರಿಸೋದು ನಾಲ್ಕೈದು ಸುತ್ತು ಬೇಕಾಗಬಹುದು. ಹಿಗ್ಗಿ ಕುಗ್ಗಿ ತುಕ್ಕಿನ ಪದರ ಪುಡಿಯಾಗೋದೇ ಇಲ್ಲಿನ ಗುಟ್ಟು, ಒಂದೇ ಸಲ ಕೆಂಡ ಮಾಡಿದ್ರೆ ಬರೋದು ಬರಲ್ಲ.

ಇನ್ನೊಂದು. ಪೈಪ್ ಯಾವ ಲೋಹ ಅಂತ ತಿಳಿದುಕೊಂಡು ಬೆಂಕಿ ಹಿಡಿಯಿರಿ. ಮ್ಯಾಗ್ನೆಟ್ ಅಂಟಿದ್ರೆ ಮೈಲ್ಡ್ ಸ್ಟೀಲ್ ಅಥವಾ ಮ್ಯಾಗ್ನೆಟ್ ಹಿಡಿಯೋ ಜಾತಿಯ ಸ್ಟೇನ್‌ಲೆಸ್. ಅಂಟದಿದ್ರೆ 304 ಥರದ ಸ್ಟೇನ್‌ಲೆಸ್ ಅಥವಾ ಟೈಟಾನಿಯಂ. ಕಾಣದ ಮೂಲೆಯಲ್ಲಿ ಗ್ರೈಂಡರ್ ಸ್ವಲ್ಪ ಮುಟ್ಟಿಸಿ, ಕಣ್ಣು ಕುಕ್ಕುವ ಬಿಳಿ ಕಿಡಿ ಬಂದ್ರೆ ಟೈಟಾನಿಯಂ. ಅದನ್ನು ಗಾಳಿಯಲ್ಲಿ ಕೆಂಪಾಗೋವರೆಗೆ ಕಾಯ್ಸಿದ್ರೆ ಆಮ್ಲಜನಕ ಹೀರಿ ಗಾಜಿನ ಥರ ಪೆಡಸಾಗುತ್ತೆ.

ಹುಬ್ಬಳ್ಳಿ_ಗ್ಯಾರೇಜ್:
ಲೇತ್ ಅಣ್ಣಾರು ಎಲ್ಲಾ ಬರದಾರ, ಒಂದ ಮಾತ ಬಿಟ್ಟಾರ. ಮಸಿ ತೊಳೀಲಿಕ್ಕೆ ಬ್ರೇಕ್ ಕ್ಲೀನರ್ ಹೊಡದು, ಹಂಗ ಮ್ಯಾಲೆ ಟಾರ್ಚ್ ಹಿಡೀಬ್ಯಾಡ್ರಿ. ಕೆಲವು ಬ್ರೇಕ್ ಕ್ಲೀನರ್‌ನ್ಯಾಗ ಕ್ಲೋರಿನ್ ಕೂಡಿದ ದ್ರಾವಕ ಇರ್ತದ, ಅದು ಕಾದ್ರ ಫಾಸ್ಜೀನ್ ಅನ್ನೋ ವಿಷದ ಗಾಳಿ ಬರ್ತದ. ಒಂದ ಸಲ ಉಸುರು ತಗೊಂಡ್ರೂ ಫುಪ್ಪುಸಕ್ಕ ಕುತ್ತು. ಡಬ್ಬಿ ಮ್ಯಾಲೆ ‘ಕ್ಲೋರಿನ್ ಇಲ್ಲ’ ಅಂತ ಬರದಿದ್ರೂ ಅದು ಬೆಂಕಿ ಹಿಡಿಯೋ ಮಾಲ, ಪೂರಾ ಆರೂ ತನಕಾ ಬೆಂಕಿ ದೂರ ಇರ್ಲಿ. ವೆಲ್ಡಿಂಗ್ ಮಾಡಸ್ಲಿಕ್ಕೆ ಒಯ್ಯೋರಿಗೂ ಇದ ಮಾತ: ಸೋಪಿನ ನೀರಿನ್ಯಾಗ ತೊಳದು ಒಣಗಿಸಿ ಕೊಡ್ರಿ.

ಪಡುಕೆರೆ_ರೈಡರ್:
ಬೆಂಡ್ ಪೈಪ್ ಇಳಿಸದೆ ಆಗುದಿಲ್ವಾ? ಹೆಡ್ಡಿನ ಸ್ಟಡ್ ತುಂಡಾದರೆ ಅಂತ ಹೆದರಿಕೆ.

ಪಾನಾ_ಪೆಟ್ಟಿಗೆ:
ಹೆದರಿಕೆ ಸರಿಯಾಗೇ ಇದೆ. ಎಣ್ಣೆ, ಆಡಿಸುವ ಕೆಲಸ ಗಾಡಿಯಲ್ಲೇ ಆಗುತ್ತೆ, ಅದರಲ್ಲೇ ಬಿಟ್ಟರೆ ಇಳಿಸುವ ಪ್ರಮೇಯ ಇಲ್ಲ. ಆದರೆ ಶಾಫ್ಟ್ ಹೊರತೆಗೆದು ತಿಕ್ಕಿ ಹಾಕದೆ ಬಿಟ್ಟರೆ ಬರುವ ಮಳೆಗಾಲಕ್ಕೆ ಮತ್ತೆ ಇಲ್ಲೇ ಬಂದು ಕೇಳ್ತೀರಿ.

ಇಳಿಸೋದಾದರೆ: ಕೆಳಗಿನ ಫೇರಿಂಗ್ ತೆಗೆದು, ಆಕ್ಸಿಜನ್ ಸೆನ್ಸರ್ ಕಪ್ಲರ್ ಬಿಡಿಸಿ, ರೇಡಿಯೇಟರ್ ಕೆಳಗಿನ ಬೋಲ್ಟ್ ಸಡಿಲಿಸಿ ಮುಂದಕ್ಕೆ ಸರಿಸಿ. ನಾಲ್ಕು ಸಿಲಿಂಡರಿಗೆ ಎಂಟು ನಟ್. ಹಿಂದಿನ ರಾತ್ರಿಯೇ ಎಂಟಕ್ಕೂ ಎಣ್ಣೆ. ಇಂಜಿನ್ ಎರಡು ನಿಮಿಷ ಓಡಿಸಿ ಕೈಗೆ ಬೆಚ್ಚಗಾಗುವಷ್ಟಿರುವಾಗ ಬಿಚ್ಚೋದು ಲೇಸು. ನಟ್ ಕಾಲು ಸುತ್ತು ಬಂದು ಬಿಗಿಯಾದರೆ ಮುಂದಕ್ಕೆ ಎಳೆಯದೆ ವಾಪಸ್ ಬಿಗಿದು ಎಣ್ಣೆ ಹಾಕಿ ಮತ್ತೆ ಸಡಿಲಿಸಿ, ಟ್ಯಾಪ್ ಹಾಕುವಾಗ ಮಾಡ್ತೀವಲ್ಲ ಹಾಗೆ. ವಾಪಸ್ ಕೂರಿಸುವಾಗ ನಾಲ್ಕೂ ಗ್ಯಾಸ್ಕೆಟ್ ಹೊಸವು. ಎಂಟನ್ನೂ ಕೈಬಿಗಿ ಮಾಡಿಕೊಂಡು ಒಳಗಿನಿಂದ ಹೊರಕ್ಕೆ 20 ನ್ಯೂಟನ್ ಮೀಟರ್.

ಲೇತ್_ಅಣ್ಣ:
ವಾಲ್ವ್ ಮನೆಯ ಎಂಡ್ ಕವರ್ ಬೋಲ್ಟ್‌ಗಳೇ ನಿಜವಾದ ತಲೆನೋವು. ಸಣ್ಣ ಬೋಲ್ಟ್, ವರ್ಷಗಟ್ಟಲೆ ಕೆಂಡದ ಪಕ್ಕ. ಅಲೆನ್ ಕೀ ಹಾಕುವ ಮೊದಲು ತಲೆಯೊಳಗಿನ ಕೆಸರನ್ನು ಸೂಜಿಯಲ್ಲಿ ಕೆದಕಿ, ಕೀಯನ್ನು ಸುತ್ತಿಗೆಯಿಂದ ತಟ್ಟಿ ಬುಡದವರೆಗೆ ಕೂರಿಸಿ. ಅರ್ಧ ಕೂತ ಕೀ ತಲೆ ಉಜ್ಜುತ್ತೆ. ಬಾಲ್ ತುದಿಯ ಕೀ ಬೇಡ.

ತಲೆ ಹಾರಿತು ಅಂದುಕೊಳ್ಳಿ. ಮೋಟು ಸ್ವಲ್ಪ ಹೊರಗಿದ್ರೆ ಅದರ ಮೇಲೆ ಎಂ8 ನಟ್ ಇಟ್ಟು ಒಳಗಿಂದ ವೆಲ್ಡ್ ತುಂಬಿ. ಆರಿದ ಮೇಲೆ ನಟ್ಟನ್ನು ಆ ಕಡೆ ಈ ಕಡೆ ಆಡಿಸಿದ್ರೆ ಹತ್ತಕ್ಕೆ ಎಂಟು ಸಲ ಬರುತ್ತೆ. ಬರೋದಕ್ಕೆ ಕಾರಣ ಹಿಡಿತ ಅಲ್ಲ, ವೆಲ್ಡಿನ ಬಿಸಿ ಥ್ರೆಡ್ಡಿನ ತುಕ್ಕು ಒಡೆಯೋದು.

ಒಳಗೇ ಮುರಿದಿದ್ರೆ ಡ್ರಿಲ್. ಎಂ6ಗೆ ಸೆಂಟರ್ ಪಂಚ್, 2.5 ಎಂ.ಎಂ. ತೂತು, ಆಮೇಲೆ 4, ಕೊನೆಗೆ 5. ಎಡಗೈ ಡ್ರಿಲ್ ಬಿಟ್ (ಉಲ್ಟಾ ತಿರುಗಿ ಕೊರೆಯೋದು) ಸಿಕ್ಕರೆ ಬಹಳ ಸಲ 4ಕ್ಕೇ ಮೋಟು ಅದಕ್ಕೆ ಸಿಕ್ಕಿ ಹೊರಬರುತ್ತೆ. ಕೋಬಾಲ್ಟ್ ಬಿಟ್, ನಿಧಾನ ವೇಗ, ಗಟ್ಟಿ ಒತ್ತಡ, ಕಟಿಂಗ್ ಆಯಿಲ್. ಸ್ಟೇನ್‌ಲೆಸ್ ಮೇಲೆ ಬಿಟ್ ಸುಮ್ಮನೆ ಉಜ್ಜುತ್ತಾ ತಿರುಗಿದ್ರೆ ಆ ಜಾಗ ಗಟ್ಟಿಯಾಗುತ್ತೆ, ಆಮೇಲೆ ಯಾವ ಬಿಟ್ಟೂ ಇಳಿಯಲ್ಲ. 5 ಆದಮೇಲೆ 6×1 ಟ್ಯಾಪ್. ತೂತು ಪಕ್ಕಕ್ಕೆ ಹೋಯ್ತಾ, 6.3ಕ್ಕೆ ದೊಡ್ಡದು ಮಾಡಿ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿಯ ಸುರುಳಿ).

ಸ್ಕ್ರೂ ಎಕ್ಸ್‌ಟ್ರಾಕ್ಟರ್ ಅಂತ ಸಿಗುತ್ತಲ್ಲ, ತಿರುಚಿದ ಮೊಳೆ ಥರದ್ದು. ಇಷ್ಟು ಸಣ್ಣ ಬೋಲ್ಟಿಗೆ ದಯವಿಟ್ಟು ಬೇಡ. ಅದು ಮುರಿದು ಒಳಗೆ ಉಳಿದ್ರೆ ಡ್ರಿಲ್‌ಗೂ ಬಗ್ಗಲ್ಲ. ಆಮೇಲೆ ಸ್ಪಾರ್ಕ್ ಎರೋಷನ್ (ವಿದ್ಯುತ್ ಕಿಡಿಯಿಂದ ಲೋಹ ಕೊರೆಯೋದು) ಮಾಡೋರನ್ನು ಹುಡುಕಿಕೊಂಡು ಪೀಣ್ಯಕ್ಕೆ ಬರಬೇಕಾಗುತ್ತೆ.

ನಾಕು_ಸಿಲಿಂಡರ್:
ಇಷ್ಟೆಲ್ಲ ಗೋಳು ಯಾಕ್ ಗುರು? ಕಿತ್ತು ಬಿಸಾಕಿ. ರೇಸಿಗೆ ಹೋಗೋರು ಯಾರೂ ಇಟ್ಕೊಳ್ಳಲ್ಲ. ಫುಲ್ ಸಿಸ್ಟಮ್ ಎಕ್ಸಾಸ್ಟ್ (ಬೆಂಡ್ ಪೈಪಿನಿಂದ ಸೈಲೆನ್ಸರ್‌ವರೆಗೆ ಪೂರ್ತಿ ಬೇರೆಯದು) ಹಾಕಿಸಿದರೆ ವಾಲ್ವೂ ಇಲ್ಲ, ತೂಕವೂ ಕಡಿಮೆ.

ಪಾನಾ_ಪೆಟ್ಟಿಗೆ:
ರೇಸಿಗೆ ಹೋಗೋರು 9,000ಕ್ಕಿಂತ ಕೆಳಗೆ ಇಳಿಯೋದೇ ಇಲ್ಲ ಗುರು, ಅವರಿಗೆ ಬೇಕಿಲ್ಲ. ಇವರು ಉಡುಪಿ ಪೇಟೆಯಲ್ಲಿ ಓಡಿಸಬೇಕು.

ವಾಲ್ವ್ ಇರೋದು ಯಾಕೆ ಅಂತ ನೋಡಿ. ಹೊಗೆ ಸಿಲಿಂಡರಿಂದ ಹೊರಟಾಗ ಒತ್ತಡದ ಅಲೆ ಪೈಪಿನಲ್ಲಿ ಓಡುತ್ತೆ. ಪೈಪುಗಳು ಕೂಡುವ ಜಾಗದಲ್ಲಿ ದಾರಿ ಒಮ್ಮೆಗೇ ಅಗಲವಾಗೋದರಿಂದ ಅಲ್ಲಿಂದ ತಿರುಗಿ ಎಳೆತದ ಅಲೆ ವಾಪಸ್ ಬರುತ್ತೆ. ಮೇಲಿನ ಆರ್‌ಪಿಎಂನಲ್ಲಿ ಅದು ಇನ್‌ಲೆಟ್, ಎಕ್ಸಾಸ್ಟ್ ಎರಡೂ ವಾಲ್ವ್ ತೆರೆದಿರುವ ಹೊತ್ತಿಗೆ ಸರಿಯಾಗಿ ಬಂದು ಉಳಿದ ಹೊಗೆಯನ್ನು ಎಳೆದುಕೊಂಡು ಹೋಗುತ್ತೆ. ಪೈಪಿನ ಉದ್ದ ಆ ವೇಗಕ್ಕೆ ಲೆಕ್ಕ ಹಾಕಿದ್ದು. ನಡುವಿನ ಆರ್‌ಪಿಎಂನಲ್ಲಿ ಲೆಕ್ಕ ತಪ್ಪುತ್ತೆ, ಎಳೆಯುವ ಅಲೆಯ ಬದಲು ತಳ್ಳುವ ಅಲೆ ಬಂದು ಹೊಗೆಯನ್ನು ವಾಪಸ್ ಸಿಲಿಂಡರಿಗೆ ನೂಕುತ್ತೆ. ಆ ಹೊತ್ತಿಗೆ ಬಾಗಿಲು ಅರ್ಧ ಮುಚ್ಚಿದ್ದರೆ ಅಲೆಯ ಜೋರು ಮುರಿಯುತ್ತೆ. ಇದೇ ಎಕ್ಸಪ್. ತೆಗೆದುಹಾಕಿ, ಇಸಿಯು ಮ್ಯಾಪ್ (ಯಾವ ವೇಗಕ್ಕೆ ಎಷ್ಟು ಪೆಟ್ರೋಲ್ ಅನ್ನುವ ಪಟ್ಟಿ) ಮಾತ್ರ ಹಾಗೇ ಬಿಟ್ಟರೆ ಮಧ್ಯದಲ್ಲಿ ಒಂದು ಹೊಂಡ ಬೀಳುತ್ತೆ. ಈಗ ಇವರು 4,000ದಲ್ಲಿ ಹೇಳ್ತಿರೋ ಕೊರತೆ ಇದೆಯಲ್ಲ, ಅದನ್ನು ಶಾಶ್ವತ ಮಾಡಿಕೊಂಡ ಹಾಗೆ.

ಹೊಸ ಪೈಪಿಗೆ ತಕ್ಕಂತೆ ಫ್ಯೂಯಲ್ ಮ್ಯಾಪ್ ಮಾಡಿಸುವುದಾದರೆ ಹೊಂಡ ಬಹುಪಾಲು ತುಂಬುತ್ತೆ, ಅದನ್ನು ಒಪ್ತೀನಿ. ಆದರೆ ಅದು ರಿಪೇರಿ ಅಲ್ಲ, ಬೇರೆಯೇ ಖರ್ಚು.

ಹುಬ್ಬಳ್ಳಿ_ಗ್ಯಾರೇಜ್:
ತಗೀಬೇಕಂತ ನಿರ್ಧಾರ ಮಾಡಿದವರಿಗೆ ದಾರಿ ಹೇಳ್ತೇನಿ. ಮೂರು ತರಾ ಮಾಡ್ತಾರ.

ಸರಳದ್ದು: ವಾಲ್ವ್ ಪೂರಾ ತೆರೆದ ಜಾಗಕ್ಕ ತಂದು, ಕೇಬಲ್ ಎರಡೂ ತಗದು, ಶಾಫ್ಟ್ ಅಲುಗದಂಗ ಕಟ್ಟಿಬಿಡೋದು. ಸರ್ವೋ ಮೋಟಾರನ್ನ ಮಾತ್ರ ಕಪ್ಲರ್ ಸಹಿತ ಅಲ್ಲೇ ಇಡ್ರಿ. ಇಸಿಯು ನೋಡೋದು ಸರ್ವೋ ಒಳಗಿನ ಸೆನ್ಸರ್ ಅಷ್ಟ, ಕೆಳಗ ವಾಲ್ವ್ ಐತೋ ಇಲ್ಲೋ ಅದಕ್ಕ ಗೊತ್ತಾಗಂಗಿಲ್ಲ. ಖಾಲಿ ಸರ್ವೋ ತಿರಗತಿದ್ರ ಕೋಡ್ ಬರಂಗಿಲ್ಲ. ಮೋಟಾರ್ ಕಿತ್ತು ಹಾಕಿದ್ರ ಲೈಟ್ ಹತ್ತತದ, ಆವಾಗ ಸರ್ವೋ ಎಲಿಮಿನೇಟರ್ ಅಂತ ಸಣ್ಣ ಡಬ್ಬಿ ಕೊಂಡು ಕಪ್ಲರ್‌ಗೆ ಹಾಕಬೇಕು. ಪೂರಾ ತೆರೆದದ್ದು ಯಾವ ಕಡೆ ಅಂತ ಅಂದಾಜಿನ ಮ್ಯಾಲೆ ಹೋಗಬ್ಯಾಡ್ರಿ, ಸೈಲೆನ್ಸರ್ ಬಿಚ್ಚಿ ಹಿಂದಿಂದ ಬ್ಯಾಟರಿ ಬೆಳಕು ಬಿಟ್ಟು ಕಣ್ಣಲೆ ನೋಡ್ರಿ. ಮುಚ್ಚಿದ ಕಡೆ ಕಟ್ಟಿದ್ರ ಗಾಡಿ ಮ್ಯಾಲಿನ ಆರ್‌ಪಿಎಂಗೆ ಏರಂಗಿಲ್ಲ, ಬೆಂಡ್ ಪೈಪ್ ಕೆಂಪಗ ಕಾಯ್ತಾವ.

ಎರಡನೇದು: ಒಳಗಿನ ವಾಲ್ವ್ ತಗದು ಶಾಫ್ಟಿನ ತೂತು ಮುಚ್ಚಿಸೋದು. ಆರ್ಗಾನ್ ವೆಲ್ಡಿಂಗ್ ಬೇಕು. ಸ್ಟೇನ್‌ಲೆಸ್ ಮನಿಗೆ ಸ್ಟೇನ್‌ಲೆಸ್ ಬಿಲ್ಲೆ, ಎರಡು ಬ್ಯಾರೆ ಜಾತಿ ಸ್ಟೀಲ್ ಕೂಡಸೋದಿದ್ರ 309 ಎಲ್ ಫಿಲ್ಲರ್. ಟೈಟಾನಿಯಂಗೆ ಸ್ಟೇನ್‌ಲೆಸ್ ಬಿಲ್ಲೆ ಬೆಸಿಗಿ ಹತ್ತೂದಿಲ್ಲ, ಹತ್ತಿದಂಗ ಕಂಡ್ರೂ ಆರಿದ ಮ್ಯಾಲೆ ಸೀಳತದ. ಬೆಸಿಗಿ ಮುಂಚೆ ಬ್ಯಾಟರಿ ಮೈನಸ್ ತಗೀರಿ, ಪೈಪ್ ಗಾಡಿ ಮ್ಯಾಗ ಇದ್ರ ಇಸಿಯು ಕಪ್ಲರ್ ಸುದ್ದಾ.

ಮೂರನೇದು ನಾಕು ಸಿಲಿಂಡರ್ ಹೇಳಿದ ಫುಲ್ ಸಿಸ್ಟಮ್.

ನಾಕು_ಸಿಲಿಂಡರ್:
ಪೊಲೀಸ್ ಹಿಡಿದರೆ?

ಪಾನಾ_ಪೆಟ್ಟಿಗೆ:
ತೆರೆದ ವಾಲ್ವಿಗಿಂತ ನಿಮ್ಮ ಫುಲ್ ಸಿಸ್ಟಮ್ಮಿನ ಸದ್ದೇ ಮೊದಲು ಕೇಳಿಸೋದು. ಮೋಟಾರು ವಾಹನ ಕಾಯ್ದೆಯ ಕಲಂ 190(2)ರಲ್ಲಿ ಶಬ್ದ, ಹೊಗೆ ಮಿತಿ ಮೀರಿದರೆ 2019ರ ತಿದ್ದುಪಡಿ ನಂತರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ಅಮಾನತಿಗೂ ಅವಕಾಶ ಇದೆ. ಲೆಕ್ಕಕ್ಕೆ ಸೇರಿಸಿಕೊಳ್ಳಿ. ಹಳೇ ಭಾಗ ಮಾರಬೇಡಿ, ಗಾಡಿ ಮಾರುವಾಗ ಬೇಕಾಗುತ್ತೆ.

ಲೀಡ್ಸ್_ಕನ್ನಡಿಗ:
ಇಂಗ್ಲೆಂಡಿನಲ್ಲಿ ಇದು ಪ್ರತಿ ಚಳಿಗಾಲದ ಹಾಡು. ಹಿಮ ಕಟ್ಟದಿರಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ನೀರಿನ ಜೊತೆ ನೇರ ಇಲ್ಲಿಗೇ. ಕರಾವಳಿಯವರಿಗೂ ಅದೇ ಔಷಧ ನಡೆಯುತ್ತೆ.

ಯಮಹಾ ಅಲ್ಲದವರೂ ಓದುತ್ತಿರಬಹುದು, ಕೋಡ್‌ಗಳನ್ನು ಬರೆದಿಡುತ್ತೇನೆ. ಸುಜುಕಿ ಜಿಎಸ್‌ಎಕ್ಸ್-ಆರ್‌ನಲ್ಲಿ ಸಿ46. ಹೊಂಡಾ ಸಿಬಿಆರ್1000ಆರ್‌ಆರ್‌ನಲ್ಲಿ ಲೈಟ್ ಮಿನುಗುವ ಲೆಕ್ಕ: 34 ಸೆನ್ಸರ್, 35 ಸರ್ವೋ. ಕವಾಸಕಿ ಜೆಡ್‌ಎಕ್ಸ್-10ಆರ್‌ನಲ್ಲಿ 34 ಸೆನ್ಸರ್, 63 ಆಕ್ಚುಯೇಟರ್. ಕಾರ್ಬುರೇಟರ್ ಕಾಲದ ಮೊದಲ ಆರ್1ಗಳಲ್ಲಿ ಕೋಡ್ ಅಂಕಿಯಾಗಿ ಬರುವುದಿಲ್ಲ. ಟ್ಯಾಕೋಮೀಟರಿನ ಮುಳ್ಳು ಸೊನ್ನೆಗೆ ಹೋಗಿ, ಆಮೇಲೆ 7,000ಕ್ಕೆ ಹಾರಿ ನಿಂತು, ಮತ್ತೆ ನಿಜವಾದ ವೇಗಕ್ಕೆ ಬರುತ್ತದೆ. 7,000 ಅಂದರೆ ಎಕ್ಸಪ್. ಮೀಟರ್ ಕೆಟ್ಟಿದೆ ಅಂದುಕೊಂಡು ಮೀಟರ್ ಬದಲಾಯಿಸಿದವರೂ ಇದ್ದಾರೆ.

ಇನ್ನು ಲೂಬ್ರಿಕೇಶನ್. ಮಾಮೂಲಿ ಗ್ರೀಸ್ ಹಾಕಿದರೆ ಹಾಕದೇ ಇರುವುದಕ್ಕಿಂತ ಕೆಟ್ಟದ್ದು. ಲಿಥಿಯಂ ಗ್ರೀಸ್ ಸುಮಾರು 190 ಡಿಗ್ರಿಗೆ ಕರಗಿ ಹರಿಯುತ್ತದೆ, ಉಳಿದದ್ದು ಸುಟ್ಟು ಕಾರ್ಬನ್ ಆಗುತ್ತದೆ, ಅದೇ ಮತ್ತೆ ಅಂಟು. ಮಾಲಿ ಗ್ರೀಸ್ ಶ್ರೇಷ್ಠ ಅನ್ನುವವರಿಗೆ: ಮಾಲಿಬ್ಡಿನಮ್ ಡೈಸಲ್ಫೈಡ್ ಗಾಳಿಯಲ್ಲಿ 400 ಡಿಗ್ರಿ ಹತ್ತಿರ ಬಂದರೆ ಆಕ್ಸೈಡ್ ಆಗಿ ಜಾರುಗುಣ ಕಳೆದುಕೊಳ್ಳುತ್ತದೆ. ಬೇಕಾದ್ದು ಆಂಟಿ-ಸೀಜ್ ಪೇಸ್ಟ್, ಅಂದರೆ ಲೋಹ ಕಚ್ಚಿಕೊಳ್ಳದಂತೆ ತಡೆಯುವ ಲೇಪ. ತಾಮ್ರದ್ದು ಸುಮಾರು 1,100 ಡಿಗ್ರಿವರೆಗೆ, ನಿಕ್ಕಲ್‌ದು ಇನ್ನೂ ಮೇಲಕ್ಕೆ ತಡೆಯುತ್ತದೆ. ಸ್ಟೇನ್‌ಲೆಸ್ ಮೇಲೆ, ಅದೂ ಉಪ್ಪಿನ ಗಾಳಿಯಲ್ಲಿ, ನಿಕ್ಕಲ್ ಪೇಸ್ಟೇ ಒಳ್ಳೆಯದು. ತೆಳುವಾಗಿ ಸವರಿ, ಬೆಣ್ಣೆ ಹಚ್ಚಿದ ಹಾಗಲ್ಲ. ಹೆಚ್ಚಾದದ್ದು ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಪಡುಕೆರೆ_ರೈಡರ್:
ಬಿಟ್ಟಿತು! ನಾಲ್ಕನೇ ದಿನ, ಪೈಪ್ ಇಳಿಸಿ ಮೂರು ಸುತ್ತು ಶಾಖ ಮತ್ತು ಮೇಣ. ಕವರಿನ ಒಂದು ಬೋಲ್ಟ್ ತುಂಡಾಯಿತು, ನಟ್ ವೆಲ್ಡ್ ಮಾಡಿ ಬಂತು. ಶಾಫ್ಟ್ ಹೊರಗಿದೆ. ಸ್ವಚ್ಛ ಮಾಡುವುದು ಹೇಗೆ, ಎಷ್ಟು ತಿಕ್ಕಬಹುದು? ಬುಷ್‌ನಲ್ಲಿ ಸ್ವಲ್ಪ ಆಟ ಉಂಟು.

ಲೇತ್_ಅಣ್ಣ:
ಭೇಷ್. ಬುಷ್, ವಾಷರ್, ಸೀಲ್ ಯಾವ ಕ್ರಮದಲ್ಲಿ ಬಂದವೋ ಅದೇ ಸಾಲಲ್ಲಿ ಪೇಪರ್ ಮೇಲೆ ಇಡಿ.

ಗಟ್ಟಿ ಕಾರ್ಬನ್ನನ್ನು ಹಿತ್ತಾಳೆ ತಗಡಿನಿಂದ ಕೆರೆಯಿರಿ, ಸ್ಕ್ರೂಡ್ರೈವರಿಂದಲ್ಲ. ಆಮೇಲೆ ಶಾಫ್ಟಿಗೆ 400 ಎಮರಿ, ಕೊನೆಗೆ 600, ಎಣ್ಣೆ ಹಾಕಿ. ಬಟ್ಟೆಯಲ್ಲಿ ಬೂಟು ಪಾಲಿಶ್ ಮಾಡುವ ಹಾಗೆ ಸುತ್ತಲೂ ಸಮ ಹೋಗಲಿ. ತುಕ್ಕಿನ ಗುಳಿಗಳು ಪೂರ್ತಿ ಹೋಗೋವರೆಗೆ ತಿಕ್ಕೋಕೆ ಹೋಗಬೇಡಿ. ಗುಳಿ ಇದ್ರೂ ಪರವಾಗಿಲ್ಲ, ಉಬ್ಬು ಇರಬಾರದು. ಡ್ರಿಲ್ಲಿಗೆ ಎಮರಿ ಸುತ್ತಿ ಬುಷ್ ಒಳಗೆ ತಿರುಗಿಸೋದು ಬೇಡ, ಬಾಯಿ ಅಗಲವಾಗುತ್ತೆ. ಒಣ ಶಾಫ್ಟ್ ಬುಷ್‌ಗೆ ಹಾಕಿದ್ರೆ ತನ್ನ ತೂಕಕ್ಕೆ ತಾನೇ ಇಳಿಯಬೇಕು.

ಆಟ ಸ್ವಲ್ಪ ಇದ್ದೇ ಇರಬೇಕು, ಶಾಖಕ್ಕೆ ಹಿಗ್ಗೋಕೆ ಜಾಗ ಬೇಕಲ್ಲ. ಮಾಮೂಲಿ ಬೇರಿಂಗ್ ಥರ ಬಿಗಿ ಮಾಡಿಸಿದ್ರೆ ಬಿಸಿಯಾದಾಗ ಮತ್ತೆ ಹಿಡಿಯುತ್ತೆ. ಕೈಯಲ್ಲಿ ಆಡಿಸಿದಾಗ ‘ಟಕ ಟಕ’ ಅಂತ ಸದ್ದು ಬರುವಷ್ಟಿದ್ರೆ ಐಡಲ್‌ನಲ್ಲಿ ಜಿರ್ ಅನ್ನುತ್ತೆ, ಶಾಫ್ಟ್ ಸುತ್ತ ಮಸಿ ಉಗುಳುತ್ತೆ. ಆಗ ಬುಷ್ ಹೊಸದು.

ಪಾನಾ_ಪೆಟ್ಟಿಗೆ:
ಜೋಡಿಸುವಾಗ ಎಂ6 ಬೋಲ್ಟ್‌ಗಳನ್ನು ಹೊಸ ಸ್ಟೇನ್‌ಲೆಸ್‌ಗೆ ಬದಲಾಯಿಸಿ, ಥ್ರೆಡ್ಡಿಗೂ ನಿಕ್ಕಲ್ ಪೇಸ್ಟ್. 10 ನ್ಯೂಟನ್ ಮೀಟರ್ ಸಾಕು, ಪೇಸ್ಟ್ ಇದ್ದಾಗ ಒಂದೆರಡು ಕಡಿಮೆಯೇ ಇರಲಿ. ಪ್ರತಿ ಬೋಲ್ಟ್ ಬಿಗಿದ ಮೇಲೂ ಶಾಫ್ಟ್ ತಿರುಗಿಸಿ ನೋಡಿ. ಯಾವ ಬೋಲ್ಟಿಗೆ ಬಿಗಿಯಾಯಿತೋ ಅಲ್ಲಿ ಕವರ್ ಓರೆ ಕೂತಿದೆ.

ಪುಲ್ಲಿ ಹಾಕಿದ ಮೇಲೆ ಕೇಬಲ್ ಹೊಂದಾಣಿಕೆ. ಇಲ್ಲಿ ಅವಸರ ಮಾಡಿದರೆ ಇಷ್ಟು ಹೊತ್ತು ಮಾಡಿದ್ದು ನೀರುಪಾಲು. ಕೀ ಆನ್ ಮಾಡಿ ಸರ್ವೋ ತನ್ನ ಓಟ ಮುಗಿಸಿ ನಿಂತ ಮೇಲೆ ಕೀ ಆಫ್ ಮಾಡಿ. ಎರಡು ಕೇಬಲ್ ಸಿಕ್ಕಿಸಿ. ಪುಲ್ಲಿಯ ಕಚ್ಚಿಗೂ ಕವರಿನ ತೂತಿಗೂ ಹೊಂದುವಂತೆ 4 ಎಂ.ಎಂ. ಪಿನ್ ತೂರಿಸಿ, ಅದೇ ಗಾತ್ರದ ಡ್ರಿಲ್ ಬಿಟ್‌ನ ಹಿಂಬದಿ ಆದರೂ ನಡೆಯುತ್ತೆ. ಪಿನ್ ಇರುವಾಗಲೇ ಎರಡೂ ಅಡ್ಜಸ್ಟರ್ ತಿರುಗಿಸಿ ಸಡಿಲ ತೆಗೆಯಿರಿ, ಲಾಕ್‌ನಟ್ ಬಿಗಿಯಿರಿ, ಆಮೇಲೆ ಪಿನ್ ತೆಗೆಯಿರಿ. ಪುಲ್ಲಿಯ ಬಳಿ ಆಟ 1.5 ಎಂ.ಎಂ. ಮೀರಬಾರದು. ಪೂರ್ತಿ ಬಿಗಿ ಮಾಡಿದರೂ ತಪ್ಪು, ಸರ್ವೋ ಎರಡೂ ಕೇಬಲ್ ಜೊತೆ ಹೆಣಗಾಡುತ್ತೆ, 18 ವಾಪಸ್ ಬರುತ್ತೆ. ಪಿನ್ ತೆಗೆಯದೆ ಕೀ ಆನ್ ಮಾಡೋದು ಎಲ್ಲಕ್ಕಿಂತ ಸಾಮಾನ್ಯ ತಪ್ಪು, ಪಿನ್ನಿಗೆ ಕೆಂಪು ದಾರ ಕಟ್ಟಿಡಿ.

ಕೇಬಲ್ ಬಿಗಿ ಇತ್ತು ಅಂದಿದ್ದಿರಲ್ಲ, ಹಾಕುವ ಮುಂಚೆ ಮೇಲ್ತುದಿಯಿಂದ ಕೇಬಲ್ ಲೂಬ್ ಬಿಡಿ, ಕೆಳತುದಿಯಲ್ಲಿ ಶುದ್ಧ ಎಣ್ಣೆ ಬರೋವರೆಗೆ.

ಪಡುಕೆರೆ_ರೈಡರ್:
ಕೂರಿಸಿದೆ. ಡಿ-53ರಲ್ಲಿ ಚಂದ ತಿರುಗ್ತದೆ, ಕೋಡ್ ಇಲ್ಲ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಹತ್ತು ನಿಮಿಷ ಬಿಳಿ ಹೊಗೆ ಬಂತು, ಎಣ್ಣೆ ಮತ್ತು ಮೇಣದ್ದೇ ಅಲ್ವಾ?

ಲೇತ್_ಅಣ್ಣ:
ಅದೇ. ಸುಟ್ಟು ಹೋಗುತ್ತೆ. ಎರಡು ಸಲ ಚೆನ್ನಾಗಿ ಬಿಸಿ ಮಾಡಿ ಆರಿದ ಮೇಲೆ ಕವರ್ ಬೋಲ್ಟ್‌ಗಳನ್ನು ಇನ್ನೊಮ್ಮೆ ನೋಡಿ.

ಲೀಡ್ಸ್_ಕನ್ನಡಿಗ:
ಗಾಡಿ ನಿಲ್ಲಿಸುವ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಕೀ ಆನ್ ಆಫ್ ಮಾಡಿ, ಸರ್ವೋ ಒಂದು ಸುತ್ತು ತಿರುಗಿದರೆ ಸಾಕು. ತೊಳೆಯುವಾಗ ಪ್ರೆಶರ್ ವಾಷರಿನ ಮೂತಿಯನ್ನು ಆ ಪುಲ್ಲಿ ಕಡೆ ತಿರುಗಿಸಬೇಡಿ. ತೊಳೆದ ಮೇಲೆ ಹತ್ತು ಕಿ.ಮೀ. ಓಡಿಸಿಯೇ ಒಳಗಿಡಿ.

ಪಡುಕೆರೆ_ರೈಡರ್:
ಇಲ್ಲಿ ಜೂನ್ ಮೊದಲ ವಾರಕ್ಕೆ ಮಳೆ ಶುರು. ಮೇ ಕೊನೆಗೆ ಕವರ್ ಬಿಚ್ಚಿ ಪೇಸ್ಟ್ ನೋಡುವುದು ಅಂತ ಕ್ಯಾಲೆಂಡರಿನಲ್ಲಿ ಬರೆದೆ.